ಡಬ್ಬಿ ಭಾವ

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತ ನಿಂತಾಗ ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಚಂಡೆಯ ಪೆಟ್ಟು ಬಿದ್ದರೆ ಗಾಬರಿಯಾಗಬೇಡಿ. ಯಾವ ಯಕ್ಷಗಾನ ಮೇಳವೂ ಹಾಡಹಗಲೇ ರಂಗಸ್ಥಳ ಹೂಡಿಲ್ಲ. ತಿರುಗಿ ನೋಡಿ. ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೊಂದು ಟವೆಲು, ಕೈಯಲ್ಲಿ ಕವಳದ ಸಂಚಿ. ಅಂಗಿಯ ಕಿಸೆ ಮಾತ್ರ ಭಾರಕ್ಕೆ ಜೋತುಬಿದ್ದು, ಅದರಿಂದ ಒಂದಿಂಚು ಏರಿಯಲ್ಲು ಹೊರಗೆ ಇಣುಕುತ್ತಿರುತ್ತದೆ. ಅವರೇ ಡಬ್ಬಿ ಭಾವ. ನಿಜವಾದ ಹೆಸರು ರೇಶನ್ ಕಾರ್ಡಿನಲ್ಲಿದೆ. ಊರಿಗೆ ಅದರ ಅಗತ್ಯ ಬಿದ್ದಿಲ್ಲ.

ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಎರಡೂ ಮಗ್ಗುಲಿನ ಊರುಗಳಲ್ಲಿ ಊರಿಗೊಬ್ಬರಾದರೂ ಇಂಥವರಿದ್ದಾರೆ. ಇಬ್ಬರಿದ್ದರೆ ಅವರಿಬ್ಬರಿಗೂ ಮಾತಿಲ್ಲ ಎಂದು ತಿಳಿಯಿರಿ. ಯಕ್ಷಗಾನದ ಭಾಗವತ ಕಾಳಿಂಗ ನಾವುಡರ ಯಾವುದೋ ಪದ್ಯದ ರೆಕಾರ್ಡಿಂಗು ಯಾರದು ಮೂಲ, ಯಾರದು ಅದರ ನಕಲು ಎಂಬಲ್ಲಿ ಜಗಳ ಶುರುವಾಗಿ, ಈಗ ಬೇಲಿಯವರೆಗೆ ಬಂದಿರುತ್ತದೆ.

ಡಬ್ಬಿ ಎಂದರೆ ಅಂಗೈಯಲ್ಲಿ ಕೂರುವ ಸಣ್ಣ ಪ್ಲೇಯರು. ಎಫ್‌ಎಂ ಹಿಡಿಯುತ್ತದೆ, ಮೆಮೊರಿ ಕಾರ್ಡು ನುಂಗುತ್ತದೆ, ನೆತ್ತಿಯ ಮೇಲೆ ಟಾರ್ಚಿದೆ. ಮೈಮೇಲಿನ ಹೆಸರು ಒಂದೇ ಒಂದು ಅಕ್ಷರದಲ್ಲಿ ದೊಡ್ಡ ಕಂಪನಿಯ ಹೆಸರಾಗುವುದು ತಪ್ಪಿದೆ. ಅದಕ್ಕೆ ಬೇಕಾದ ಬ್ಯಾಟರಿ ಬಿಎಲ್-5ಸಿ, ಅಂದರೆ ಹಳೆಯ ನೋಕಿಯಾ 1100ಕ್ಕೆ ಹಾಕುತ್ತಿದ್ದದ್ದು. ಆ ಫೋನುಗಳು ಕಣ್ಮರೆಯಾದರೂ ಬ್ಯಾಟರಿಯ ಅಳತೆ ಉಳಿಯಿತು. ಚೀನಾದ ಇಂಥ ಡಬ್ಬಿಗಳಲ್ಲಿ ಎಷ್ಟೋ ಅದನ್ನೇ ನೆಚ್ಚಿಕೊಂಡವು. ಹೀಗಾಗಿ ಯಾರ ಮನೆಯ ಕಪಾಟಿನಲ್ಲಿ ಸತ್ತ ನೋಕಿಯಾ ಮಲಗಿದೆ ಎಂಬ ಪೂರ್ತಿ ಲೆಕ್ಕ ಭಾವನ ಬಾಯಲ್ಲಿದೆ. ಮದುವೆ ಮನೆಯಲ್ಲಿ ಮದುಮಗನ ಕೈ ಕುಲುಕುವಾಗಲೂ ಕೇಳುವುದು ಇದನ್ನೇ: "ಎಂತ ಮಾಡಿದೆ ತಮಾ, ನಿನ್ನ ಹಳೆ ನೋಕಿಯಾ?" ಹಾಗೆ ಸಂಪಾದಿಸಿದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಹಿಂದಿನ ಮುಚ್ಚಳ ಕೂರುವುದಿಲ್ಲ. ಅದಕ್ಕೊಂದು ರಬ್ಬರ್ ಬ್ಯಾಂಡು. ಉಬ್ಬಿದ ಲಿಥಿಯಂ ಬ್ಯಾಟರಿ ಅಪಾಯ, ಇಟ್ಟುಕೊಳ್ಳಬಾರದು ಎಂದು ಬೆಂಗಳೂರಿನ ಮಗ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ. ಅವನು ಹೇಳುವುದು ಸರಿಯೇ. ಭಾವನ ಪ್ರಕಾರ ಮಾತ್ರ ಹೊಟ್ಟೆ ಬಂದದ್ದು ಅನುಭವದ ಲಕ್ಷಣ.

ಡಬ್ಬಿಗೆ ಪರದೆ ಎಂಬುದೊಂದಿದೆ. ಅದರಲ್ಲಿ ಮೂರು ಅಂಕಿ ಬಿಟ್ಟು ಬೇರೇನೂ ಮೂಡುವುದಿಲ್ಲ. ನೀವು ಕನ್ನಡದಲ್ಲಿ ಹೆಸರಿಡಿ, ಇಂಗ್ಲಿಷಿನಲ್ಲಿಡಿ, ಅದಕ್ಕೆ ಎಲ್ಲವೂ 037. ಅಕ್ಷರಮಾಲೆಯ ಕ್ರಮವೂ ಅದಕ್ಕೆ ತಿಳಿಯದು. ಕಂಪ್ಯೂಟರಿನಿಂದ ಕಾರ್ಡಿಗೆ ಯಾವುದು ಮೊದಲು ಇಳಿಯಿತೋ ಅದನ್ನೇ ಮೊದಲು ಹಾಡುತ್ತದೆ. ಪೇಟೆಯ ಮೊಬೈಲ್ ಅಂಗಡಿಯ ಹುಡುಗ ಅವಸರದಲ್ಲಿ ತುಂಬಿಸಿಕೊಟ್ಟ ಕಾರ್ಡಿನಲ್ಲಿ 031ಕ್ಕೆ ಗದಾಯುದ್ಧ ಮುಗಿದು ಕೌರವ ತೊಡೆ ಮುರಿದು ಬೀಳುತ್ತಾನೆ, 032ಕ್ಕೆ ಕೃಷ್ಣ ಸಂಧಾನಕ್ಕೆ ಹೊರಡುತ್ತಾನೆ. ಹೊಸಬರು ಬೆಚ್ಚುತ್ತಾರೆ. ಭಾವನ ಬಳಿ ಇದಕ್ಕೂ ಅರ್ಥಗಾರಿಕೆ ಇದೆ: "ಸತ್ತ ಮೇಲಾದ್ರೂ ಬುದ್ಧಿ ಬತ್ತಾ ನೋಡನ ಹೇಳಿ ಕೃಷ್ಣ ಹೊಂಟಿದ್ದ."

ಪರದೆಯ ಕೊರತೆ ತುಂಬಲು ಕಿಸೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕಿದೆ. ಕವಳದ ಕಲೆ ಬಿದ್ದ ಅದರ ಒಂದು ಪುಟ ಹೀಗೆ: "017 – ಕರ್ಣಪರ್ವ, ಮಧ್ಯದಿಂದ. 018 – ಅದೇ, ಮೊದಲಿಂದ. 019 – ಯಾವುದೆಂದು ಗೊತ್ತಾಗಲಿಲ್ಲ, ಚೆನ್ನಾಗಿದೆ. 020 – ಅಂಗಡಿ ಹುಡುಗನ ತಪ್ಪು, ಡಿಜೆ."

ಇಷ್ಟಾದರೂ ಸಾಲದು. ಆರಿಸಿ ಮತ್ತೆ ಹಚ್ಚಿದರೆ ಡಬ್ಬಿಗೆ ನಿಲ್ಲಿಸಿದ ಜಾಗ ನೆನಪಿರುವುದಿಲ್ಲ, 001ರಿಂದಲೇ ಶುರು. 001 ಎಂದರೆ ಗಣಪತಿ ಸ್ತುತಿ. ಇಡಗುಂಜಿಯ ಗಣಪತಿಗೆ ಭಕ್ತರು ಕಡಿಮೆಯೇನಿಲ್ಲ. ಆದರೂ ದಿನಕ್ಕೆ ಇಷ್ಟು ಸಲ ಸ್ತುತಿ ಕೇಳುವ ಭಕ್ತ ಇನ್ನೊಬ್ಬನಿರಲಿಕ್ಕಿಲ್ಲ. ಅಲ್ಲಿಂದ 037ಕ್ಕೆ ಹೋಗಲು ಗುಂಡಿಯನ್ನು 36 ಸಲ ಒತ್ತಬೇಕು. ಗುಂಡಿಯೂ ಎರಡು ಕಸುಬಿನದು: ಮುಟ್ಟಿ ಬಿಟ್ಟರೆ ಮುಂದಿನ ಪದ್ಯ, ಹಿಡಿದು ಒತ್ತಿದರೆ ಸೌಂಡು ಏರುತ್ತದೆ. ಅರವತ್ತು ದಾಟಿದ ಹೆಬ್ಬೆರಳಿಗೆ ಮುಟ್ಟುವುದಕ್ಕೂ ಒತ್ತುವುದಕ್ಕೂ ಅಂತಹ ವ್ಯತ್ಯಾಸ ಕಾಣುವುದಿಲ್ಲ. ಶ್ರಾದ್ಧದ ಮನೆಯಲ್ಲಿ ಎಲ್ಲರೂ ಎಲೆಯ ಮುಂದೆ ಮೌನವಾಗಿ ಕೂತಿದ್ದಾಗ ಭೀಮ ಕೀಚಕನನ್ನು ಕೊಂದದ್ದು ಹೀಗೆಯೇ.

ಇಯರ್‌ಫೋನ್ ಹಾಕಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಕೇಳಿದವರು ಬಹಳ ಜನ. ಮಗ ಎರಡು ಜೊತೆ ತಂದೂ ಕೊಟ್ಟಿದ್ದಾನೆ. ಒಂದು ಜೊತೆ ದೇವರ ಗೂಡಿನ ಪಕ್ಕ ಮೊಳೆಗೆ ನೇತಾಡುತ್ತಿದೆ, ಇನ್ನೊಂದರ ವೈರು ತೊಂಡೆ ಬಳ್ಳಿ ಕಟ್ಟಲು ಹೋಯಿತು. ಒಬ್ಬನೇ ಪದ್ಯ ಕೇಳುವುದೆಂದರೆ ಬಾಗಿಲು ಹಾಕಿಕೊಂಡು ಒಬ್ಬನೇ ಉಂಡ ಹಾಗೆ ಎಂಬುದು ಭಾವನ ಮತ.

ಈ ಮತಕ್ಕೆ ದೊಡ್ಡವರ ಬೆಂಬಲವೂ ಇದೆ. ಸೋನಿಯವರು 1979ರ ಜುಲೈಯಲ್ಲಿ ಜಪಾನಿನಲ್ಲಿ ವಾಕ್‌ಮನ್ ಮಾರಾಟಕ್ಕೆ ಬಿಟ್ಟಾಗ ಅದಕ್ಕೆ ಹೆಡ್‌ಫೋನಿನ ತೂತು ಎರಡಿದ್ದವು. ಎದುರಿಗೆ ಮನುಷ್ಯರಿರುವಾಗ ಒಬ್ಬರೇ ಕಿವಿ ಮುಚ್ಚಿಕೊಂಡು ಹಾಡು ಕೇಳುವುದು ಮರ್ಯಾದೆಯಲ್ಲ ಎಂದು ಕಂಪನಿಯ ಅಕಿಯೊ ಮೊರಿಟಾ ಅವರಿಗೆ ಅನ್ನಿಸಿತ್ತಂತೆ. ಕೇಳುತ್ತ ಕೇಳುತ್ತ ಮಾತಾಡಬೇಕೆನಿಸಿದರೆ ಒತ್ತಲು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಒತ್ತಿದರೆ ಹಾಡು ತಗ್ಗಿ ಪಕ್ಕದವರ ದನಿ ಕೇಳುತ್ತಿತ್ತು. ಜನ ಮಾತ್ರ ಒಬ್ಬೊಬ್ಬರೇ ಕೇಳತೊಡಗಿದರು. ಬರಬರುತ್ತ ಎರಡನೆಯ ತೂತು ಹೋಯಿತು, ಕಿತ್ತಳೆ ಗುಂಡಿಯೂ ಹೋಯಿತು. ಟೋಕಿಯೋದಲ್ಲಿ ಬಿದ್ದುಹೋದ ಮೊರಿಟಾ ಅವರ ಸಿದ್ಧಾಂತವನ್ನು ಇವತ್ತಿಗೂ ಎತ್ತಿಹಿಡಿದಿರುವುದು ಹೊನ್ನಾವರ ತಾಲೂಕು. ಪಕ್ಕದವರಿಗೆ ತೊಂದರೆಯಾಗದಿರಲೆಂದು ಜಗತ್ತು ಕಂಡುಹಿಡಿದ ಯಂತ್ರದಿಂದ ಪಕ್ಕದವರನ್ನು ಎಬ್ಬಿಸಿ ಕೂರಿಸಿದ ಸಾಧನೆ ನಮ್ಮದು.

ವಾಕ್‌ಮನ್ ನಮ್ಮ ಕಡೆ ಕಂಡದ್ದು ಭಟ್ಕಳದಲ್ಲಿ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ ಬಂದು, ಫಾರಿನ್ ಸಾಮಾನಿನ ಅಂಗಡಿಯಲ್ಲಿ ಸೆಂಟು ಬಾಟಲಿಗಳ ಪಕ್ಕ ಕೂತಿರುತ್ತಿತ್ತು. ಆಗ ಹರೆಯದಲ್ಲಿದ್ದ ಭಾವ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದನ್ನು ಕೊಂಡು ಮನೆಗೆ ತಂದ ಮೇಲೆ ತಿಳಿಯಿತು, ಇದು ಹಾಡುತ್ತದೆಯೇ ಹೊರತು ರೆಕಾರ್ಡು ಮಾಡುವುದಿಲ್ಲ ಎಂದು. ಆಟಕ್ಕೆ ಹೊತ್ತುಕೊಂಡು ಹೋಗಲು ಮತ್ತೆ ಟೇಪ್‌ರೆಕಾರ್ಡರೇ ಗತಿ. ಮೈಕಿನ ಕಂಬದ ಬುಡದಲ್ಲಿ ಇಂಥ ಟೇಪುಗಳು ಸಾಲಾಗಿ ಕೂರುತ್ತಿದ್ದವು, ಒಡೆಯರು ಅವುಗಳ ಹಿಂದೆ ಚಾದರ ಹೊದ್ದು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆ. ರಾತ್ರಿ ಬೆಳಗಾಗುವ ಆಟಕ್ಕೆ ಏಳೆಂಟು ಕ್ಯಾಸೆಟ್ಟು ಬೇಕು. ಅರ್ಧ ಗಂಟೆಗೊಮ್ಮೆ ಕಟಕ್ ಕಟಕ್ ಎಂದು ಎಲ್ಲ ಟೇಪುಗಳೂ ಒಟ್ಟಿಗೆ ನಿಲ್ಲುತ್ತಿದ್ದವು, ಅದೂ ಭಾಗವತರು ಏರು ಪದ್ಯ ಎತ್ತುವ ಹೊತ್ತಿಗೇ. ಮಗುಚಿ ಹಾಕುವಷ್ಟರಲ್ಲಿ ಒಂದು ಸೊಲ್ಲು ಹಾರಿಹೋಗುತ್ತಿತ್ತು. ಆ ಹಾರಿಹೋದ ಸೊಲ್ಲನ್ನು ಡಬ್ಬಿಯ ಜೊತೆಗೆ ಭಾವ ಈಗಲೂ ಬಾಯಲ್ಲೇ ಹೇಳಿ ತುಂಬುತ್ತಾರೆ.

ಅದು ಜಿ. ಆರ್. ಕಾಳಿಂಗ ನಾವುಡರ ಕಾಲ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತು ದಾಟಿ ಹೆಚ್ಚು ವರ್ಷವಾಗಿರಲಿಲ್ಲ. ಇಂದಿನ ಹುಡುಗರು ಕೇಳುವ ಅವರ ದನಿಯಲ್ಲಿ ಬಹಳಷ್ಟು ಹೀಗೆ ಗದ್ದೆಬಯಲಿನಲ್ಲಿ ಚಳಿಗೆ ನಡುಗುತ್ತ ಹಿಡಿದದ್ದೇ. ಆದ್ದರಿಂದ ಪದ್ಯದ ಜೊತೆಗೆ ಜನರೇಟರಿನ ಗುರ್ರೂ, ಶೇಂಗಾ ಮಾರುವವನ ಕೂಗೂ, ಯಾವುದೋ ಮಗುವಿನ ಅಳುವೂ ಬರುತ್ತವೆ. ನಾಯಿ ಬೊಗಳಿದ್ದರಲ್ಲಿ ಅದು ಯಾವ ಊರಿನ ಗದ್ದೆ ಎಂದು ಭಾವ ಹೇಳುತ್ತಾರೆ. ಮಗು ಯಾರದೆಂದೂ ಗೊತ್ತಿದೆ. ಅವನೀಗ ಪಂಚಾಯ್ತಿ ಸದಸ್ಯ.

ಬಸ್ಸಿಗೆ ಬರೋಣ. ಮೊಬೈಲಿನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕಿ ಉಳಿದವರಿಗೆ ಕಿರಿಕಿರಿ ಮಾಡಬಾರದೆಂದು ಹೈಕೋರ್ಟಿನ ನಿರ್ದೇಶನದ ಮೇಲೆ 2021ರಲ್ಲಿ ಸಾರಿಗೆ ನಿಗಮದ ಆದೇಶ ಬಂತು. ಕಂಡಕ್ಟರು ಒಂದು ದಿನ ಧೈರ್ಯ ಮಾಡಿ, "ಯಜಮಾನ್ರೇ, ಮೊಬೈಲ್ ಸೌಂಡ್ ಕಮ್ಮಿ ಮಾಡಿ" ಎಂದ. ಭಾವ ಡಬ್ಬಿಯನ್ನು ಕಿಸೆಯಿಂದ ತೆಗೆದು, ರಬ್ಬರ್ ಬ್ಯಾಂಡು ಸಮೇತ ಅವನ ಕಣ್ಣೆದುರು ಹಿಡಿದು, "ಇದು ಮೊಬೈಲಲ್ಲ" ಎಂದರು. ಆದೇಶದಲ್ಲಿ ಡಬ್ಬಿಯ ಮಾತಿರಲಿಲ್ಲ. ವಾದ ಶರಾವತಿ ಸೇತುವೆಯವರೆಗೆ ನಡೆದು, ಸೇತುವೆಯ ಮೇಲೆ ಪದ್ಯ ಬದಲಾಗಿ, ಕಂಡಕ್ಟರು "ಇದು ಧಾರೇಶ್ವರ ಭಾಗವತರದ್ದಲ್ವಾ?" ಎಂದು ಕೇಳುವುದರೊಂದಿಗೆ ಮುಗಿಯಿತು. ಆಮೇಲೆ ಮಂಕಿಯಲ್ಲಿ ಇಳಿಯಬೇಕಾದವರು ಇಬ್ಬರು ಮುರ್ಡೇಶ್ವರದಲ್ಲಿ ಇಳಿದರು. ಸ್ಟಾಪು ಕೂಗುವವರೇ ಇರಲಿಲ್ಲ.

ಡಬ್ಬಿಯ ದನಿ ಹೇಗಿದೆ ಎಂದರೆ, ಅಷ್ಟು ಸಣ್ಣ ಸ್ಪೀಕರಿನಿಂದ ತಗ್ಗಿನ ನಾದ ಹೊರಡುವುದಿಲ್ಲ. ಚಂಡೆ ಸಿಡಿಯುತ್ತದೆ, ತಾಳ ಕೇಳುತ್ತದೆ, ಮದ್ದಲೆ ನಾಪತ್ತೆ. ಮದ್ದಲೆಯನ್ನು ಭಾವ ತಮ್ಮ ತೊಡೆಯ ಮೇಲೆ ನುಡಿಸಿಕೊಳ್ಳುತ್ತಾರೆ. ಸೀಟು ಇಕ್ಕಟ್ಟಾಗಿದ್ದರೆ ನಿಮ್ಮದರ ಮೇಲೆ.

ಇದೇ ತಳಿಯವರು ಬೇರೆ ಬೇರೆ ರಾಗದಲ್ಲೂ ಸಿಗುತ್ತಾರೆ. ಭಟ್ಕಳದಲ್ಲಿ ಶಾರ್ಜಾದಿಂದ ಮರಳಿದ ಕಾಕಾ ಒಬ್ಬರ ಡಬ್ಬಿ ಅಸಲಿ ಜಪಾನು, ಒಳಗೆ ಮೊಹಮ್ಮದ್ ರಫಿ. ಕುಮಟೆಯ ನಿವೃತ್ತ ಮಾಸ್ತರರದ್ದು ಭೀಮಸೇನ ಜೋಶಿ. ಅವರ ಕಷ್ಟವೆಂದರೆ ಹೊನ್ನಾವರ ಇಪ್ಪತ್ತೇ ಕಿಲೋಮೀಟರು, ವಿಲಂಬಿತ ಮುಗಿಯುವುದರೊಳಗೆ ಊರು ಬಂದುಬಿಡುತ್ತದೆ.

ಇನ್ನು ಮನೆ. ಅಕ್ಕನಿಗೆ, ಅಂದರೆ ಭಾವನ ಹೆಂಡತಿಗೆ, ಡಬ್ಬಿಯನ್ನು ಕಂಡರಾಗದು. "ಅದೊಂದು ಹಾಳಾದ್ರೆ ಇಡಗುಂಜಿಗೆ ಪಂಚಕಜ್ಜಾಯ ಮಾಡಿಸ್ತಿ" ಎಂದು ಹೇಳಿಕೊಂಡಿದ್ದಾಳೆ. ಎಲ್ಲಾ ಪದ್ಯವೂ ಯೂಟ್ಯೂಬಿನಲ್ಲಿದೆಯಲ್ಲ ಎಂದು ಮಗ. ಇದೆ; ಭಾಗವತರು ಆಲಾಪ ಎತ್ತಿ ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು ಎನ್ನುವಾಗ ಟೂತ್‌ಪೇಸ್ಟಿನ ಜಾಹೀರಾತೂ ಇದೆ. ಡಬ್ಬಿಯಲ್ಲಿ ಜಾಹೀರಾತಿಲ್ಲ, ನಡುವೆ ಸಾಲ ಬೇಕೇ ಎಂದು ಯಾರೂ ಫೋನು ಮಾಡುವುದಿಲ್ಲ. ಜೂನ್ ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ, ಟವರಿನ ಜೀವವೂ ಹೋಗಿ, ಮಗನ ಸ್ಮಾರ್ಟ್‌ಫೋನು ಸುಮ್ಮನೆ ಕರ್ರಗೆ ಬಿದ್ದಿರುವಾಗ, ಜಗಲಿಯಲ್ಲಿ ಆ ಡಬ್ಬಿಯೊಂದೇ ಹಾಡುತ್ತಿರುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲೂ ಅಷ್ಟೇ: ಮೆಟ್ಟುಗತ್ತಿಯ ಮೇಲೆ ಕೂತ ಎಂಟು ಜನಕ್ಕೂ ನಿದ್ದೆ ಬಾರದಂತೆ ನೋಡಿಕೊಳ್ಳುವ ಕೆಲಸ ಅದರದ್ದು. ಅಂಥ ಒಂದು ರಾತ್ರಿ ಬ್ಯಾಟರಿ ಮುಗಿದು ಡಬ್ಬಿ ನಿಂತಾಗ ಒಳಗಿನಿಂದ ಬಂದ ದನಿ ಅಕ್ಕನದೇ: "ಅದು ಎಂತಕ್ಕೆ ಸುಮ್ಮಂಗಾಜು?"

ಎಲ್ಲ ಸೇರಿಸಿ ಹೇಳಬೇಕೆಂದರೆ ಡಬ್ಬಿಯ ಒಂದೇ ದೋಷ ನಿಜಕ್ಕೂ ಭಯ ಹುಟ್ಟಿಸುವಂಥದ್ದು, ಅದರೊಳಗಿನ ಕಾರ್ಡು. ಒಂದು ರಾತ್ರಿಯ ಆಟವನ್ನು ಎಂಪಿ3 ಮಾಡಿದರೆ ಅರ್ಧ ಜಿಬಿಯೊಳಗೆ ಕೂರುತ್ತದೆ. 32 ಜಿಬಿಯ ಕಾರ್ಡಿನಲ್ಲಿ ಅರವತ್ತಕ್ಕೂ ಹೆಚ್ಚು ರಾತ್ರಿಗಳು. ಗಾತ್ರ ಕಿರುಬೆರಳಿನ ಉಗುರಿನಷ್ಟು. ಕೊಟ್ಟಿಗೆಯಲ್ಲಿ ಬಿದ್ದರೆ ಗೊಬ್ಬರದ ಜೊತೆ ತೋಟಕ್ಕೆ ಹೋಗುತ್ತದೆ. ಅಗ್ಗದ ಕಾರ್ಡುಗಳಲ್ಲಿ ಮೇಲೆ 32 ಎಂದು ಬರೆದು ಒಳಗೆ ನಾಲ್ಕೂ ಇಲ್ಲದವು ಬರುತ್ತವೆ. ತುಂಬಿದ ಮೇಲೆ ಹಾಕಿದ್ದೆಲ್ಲ ಇದ್ದಂತೆ ತೋರಿಸಿ ಹಾಡಿಸುವಾಗ ಕೈ ಎತ್ತುತ್ತವೆ. ಮೂಲ ಕ್ಯಾಸೆಟ್ಟುಗಳು ಕರಾವಳಿಯ ತೇವಕ್ಕೆ ಎಂದೋ ಬೂಷ್ಟು ಹಿಡಿದಿವೆ.

ಆದ್ದರಿಂದ ನಿಮ್ಮೂರಿನ ಡಬ್ಬಿ ಭಾವನ ಹತ್ತಿರ ಹೋಗಿ ಆ ಕಾರ್ಡನ್ನು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅವರು ಖಂಡಿತ ಕೊಡುತ್ತಾರೆ. ಆದರೆ ಸಂಜೆ ಹೊತ್ತು ಹೋಗಬೇಡಿ, ಬೆಳಿಗ್ಗೆಯೇ ಹೋಗಿ. ಕೊಡುವ ಮೊದಲು ಎಲ್ಲವನ್ನೂ ಕೇಳಿಸುತ್ತಾರೆ, 001ರಿಂದ.