ನಾಮನಿರ್ದೇಶಿತ ನಾಯಕರು

ಯಾವ ಊರಿನ ಪದವಿ ಕಾಲೇಜಿಗಾದರೂ ಹೋಗಿ, ಇವರು ಸಿಕ್ಕೇ ಸಿಗುತ್ತಾರೆ. ಇಸ್ತ್ರಿ ಕೆಡದ ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಬಾಯಲ್ಲಿ ‘ಸರ್, ಒಂದ್ನಿಮಿಷ’. ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಗಳು. ತರಗತಿಯಲ್ಲಿ ಮಾತ್ರ ಹುಡುಕಬೇಡಿ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ವರ್ಷವಿಡೀ ‘ಆನ್ ಡ್ಯೂಟಿ’ ಎಂದೇ ಇರುತ್ತದೆ.

ಕ್ಯಾಂಪಸ್ಸಿನ ಗಲಾಟೆ ಮಿತಿಮೀರಿತೆಂದು ಕರ್ನಾಟಕದಲ್ಲಿ 1989ರಲ್ಲಿ ಕಾಲೇಜು ಚುನಾವಣೆ ನಿಂತಿತು. ಅಂದಿನಿಂದ ನಾಯಕರು ಗೆಲ್ಲುವುದಿಲ್ಲ, ನೇಮಕವಾಗುತ್ತಾರೆ. ನಮ್ಮವರು ನೇಮಕವಾದದ್ದು ಪ್ರಾಂಶುಪಾಲರ ಕಾರಿಗೆ ಪಂಕ್ಚರ್ ಹಾಕಿಸಿಕೊಟ್ಟ ಮರುದಿನ.

ಕಾರ್ಯಕ್ರಮದ ದಿನ ಇವರನ್ನು ನೋಡಬೇಕು. ಹಾರ, ಶಾಲು, ಹಣ್ಣಿನ ಬುಟ್ಟಿ, ದೀಪದ ಎಣ್ಣೆ ಎಲ್ಲವೂ ಬಂದಿರುತ್ತವೆ, ಬೆಂಕಿಪೊಟ್ಟಣ ಒಂದು ಬಿಟ್ಟು. ಮೊನ್ನೆಯ ‘ನಾಯಕತ್ವ ವಿಕಸನ ಕಾರ್ಯಾಗಾರ’ಕ್ಕೆ ಸಭಾಂಗಣ ತುಂಬಿಸಿದ್ದೂ ಇವರೇ, ಗೇಟಿಗೆ ಬೀಗ ಹಾಕಿಸಿ. ‘ನಾಯಕನಾದವನು ಜನರನ್ನು ತನ್ನತ್ತ ಸೆಳೆಯಬೇಕು’ ಎಂದು ಸಂಪನ್ಮೂಲ ವ್ಯಕ್ತಿ ವೇದಿಕೆಯಲ್ಲಿ ಹೇಳುತ್ತಿದ್ದಾಗ, ಹಿಂದಿನ ಕಾಂಪೌಂಡ್ ಹಾರುತ್ತಿದ್ದ ಇಬ್ಬರನ್ನು ಇವರು ಕಾಲರ್ ಹಿಡಿದು ಸೆಳೆಯುತ್ತಿದ್ದರು.

ಎನ್ನೆಸ್ಸೆಸ್ಸಿನ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಏಳು ದಿನದ ಶಿಬಿರದಲ್ಲಿ ಗುದ್ದಲಿ ಹಂಚುವಾಗ ಇವರು ಅದನ್ನು ಅಕ್ಷರಶಃ ಪಾಲಿಸಿದರು. ಫೋಟೊ ತೆಗೆಯುವಾಗ ಮಾತ್ರ ಗುದ್ದಲಿ ಇವರ ಕೈಗೇ ಬಂತು.

ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಪಾಲುಂಟೇ ಎಂದು ನ್ಯಾಕ್‌ನವರು ಕೇಳುತ್ತಾರಲ್ಲ, ಅದಕ್ಕಾಗಿ ಸೇರದ ಸಭೆಗಳ ನಡಾವಳಿಯೆಲ್ಲ ತಂಡ ಬರುವ ಹಿಂದಿನ ರಾತ್ರಿ ತಯಾರಾಯಿತು. ಆ ಸಭೆಗಳಲ್ಲಿ ಇವರು ಎಷ್ಟು ಚೆನ್ನಾಗಿ ಮಾತಾಡಿದ್ದರೆಂದರೆ, ಓದಿಕೊಂಡು ಇವರಿಗೇ ರೋಮಾಂಚನ.

ಈಚೆಗೆ ಚುನಾವಣೆ ಮತ್ತೆ ಬರುತ್ತಂತೆ ಎಂಬ ಮಾತೆದ್ದಿತು. ಕ್ಯಾಂಟೀನಿನಲ್ಲಿ ಒಬ್ಬ ಹುಡುಗ 2006ರ ಲಿಂಗ್ಡೊ ಸಮಿತಿಯ ನಿಯಮಗಳನ್ನು ಮೊಬೈಲಿನಲ್ಲಿ ಓದತೊಡಗಿದ. ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟುವಂತಿಲ್ಲ.

‘ನನ್ ಬರ್ತ್‌ಡೇ ಫ್ಲೆಕ್ಸಿಗೇ ಸಾಲಲ್ವಲ್ಲೋ!’

ಹಾಜರಾತಿ ಶೇ 75 ಇರಬೇಕು. ಕೆಮ್ಮಿದರು. ಬ್ಯಾಕ್ ಒಂದೂ ಉಳಿದಿರಬಾರದು. ಟೀ ಲೋಟ ಪಕ್ಕಕ್ಕಿಟ್ಟರು.

‘ಆಮೇಲೆ ಕ್ಲಾಸ್ ಕ್ಲಾಸಿಗೂ ಹೋಗಿ ವೋಟ್ ಕೇಳ್ಬೇಕಣ್ಣ.’

‘ಯಾರನ್ನ?’

‘ನಮ್ಮನ್ನೇ.’

ಮರುದಿನ ಪ್ರಾಂಶುಪಾಲರ ಮೇಜಿನ ಮೇಲೆ ‘ಚುನಾವಣೆ ಬೇಡ’ ಎಂಬ ಸಮಸ್ತ ವಿದ್ಯಾರ್ಥಿಗಳ ಮನವಿ ಬಂದು ಕೂತಿತು. ಇನ್ನೂರು ಸಹಿ, ಒಂದೇ ಪೆನ್ನು, ಒಂದೇ ಕೈ.

‘ಹುಡುಗರೆಲ್ಲ ಒಪ್ಪಿದ್ರೇನಯ್ಯಾ?’

‘ಒಮ್ಮತ, ಸರ್!’