ಇಮಾನ ಎಲ್ಲೈತಿ?

ವಿಮಾನ ತಡವಾಗುವುದರ ಬಗ್ಗೆ ನನಗೆ ತಕರಾರಿಲ್ಲ. ಮಂಜು, ಮಳೆ, ಯಂತ್ರದ ರಗಳೆ ಯಾರ ಕೈಯಲ್ಲೂ ಇಲ್ಲ. ತಕರಾರಿರುವುದು ಆ ತಡವನ್ನು ನಮಗೆ ಕಂತುಕಂತಾಗಿ ಬಡಿಸುವ ಬಗ್ಗೆ. ಐದೂವರೆಯ ವಿಮಾನ ಆರಕ್ಕೆ ಅನ್ನುತ್ತಾರೆ. ಆರಕ್ಕೆ ಐದು ನಿಮಿಷ ಇರುವಾಗ ಆರೂ ನಲವತ್ತು, ಆಮೇಲೆ ಏಳೂಕಾಲು. ಪ್ರತಿ ಸಲವೂ ಅದೇ ‘ಕಾರ್ಯಾಚರಣೆಯ ಕಾರಣ’, ಅದೇ ವಿಷಾದ.

ವಿಮಾನ ಕಂಪನಿಗೆ ಕಾರಣ ಗೊತ್ತಿಲ್ಲವೇ? ಅಂಕಿ ಸಮೇತ ಗೊತ್ತು. ಅಂತಾರಾಷ್ಟ್ರೀಯ ವಿಮಾನಯಾನ ಸಂಘ ಐಎಟಿಎ, ತಡದ ಪ್ರತಿಯೊಂದು ಕಾರಣಕ್ಕೂ ಎರಡಂಕಿಯ ಕೋಡ್ ಕೊಟ್ಟಿದೆ. 41 ಅಂದರೆ ವಿಮಾನದಲ್ಲೇ ದೋಷ. 72 ಅಂದರೆ ಇಳಿಯಬೇಕಾದ ಊರಿನಲ್ಲಿ ಹವಾಮಾನ ಸರಿಯಿಲ್ಲ. 93 ಅಂದರೆ ವಿಮಾನ ಹಿಂದಿನ ಊರಿನಿಂದಲೇ ತಡವಾಗಿ ಬರುತ್ತಿದೆ. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುವುದರಿಂದ, ಬೆಳಗ್ಗೆ ದೆಹಲಿಯಲ್ಲಿ ಬಿದ್ದ ಮಂಜು ಸಂಜೆ ಹುಬ್ಬಳ್ಳಿಯ ಪ್ರಯಾಣಿಕನ ಹಣೆಗೂ ಬೀಳಬಹುದು. ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡವರು ನಮ್ಮೆದುರು ಮಾತ್ರ ಮೌನವ್ರತ ಹಿಡಿಯುತ್ತಾರೆ.

ಒಮ್ಮೆ ಬೆಂಗಳೂರಿನಲ್ಲಿ ಹುಬ್ಬಳ್ಳಿ ವಿಮಾನಕ್ಕೆ ಕಾಯುತ್ತಿದ್ದೆ. ಬಿಳಿ ಟೋಪಿಯ ಹಿರಿಯರೊಬ್ಬರು ಕೌಂಟರಿಗೆ ಹೋಗಿ, “ತಂಗೀ, ಇಮಾನ ಈಗ ಎಲ್ಲೈತಿ? ಅಷ್ಟ ಹೇಳು” ಅಂದರು.

“ಅಪ್‌ಡೇಟ್ ಬಂದ ತಕ್ಷಣ ಹೇಳ್ತೀವಿ ಸರ್.”

“ಅಪ್‌ಡೇಟ್ ಬ್ಯಾಡವಾ, ಇಮಾನ ಎಲ್ಲೈತಿ?”

ಆ ಹುಡುಗಿ ಪರದೆ ನೋಡಿದಳು, ವಾಕಿಟಾಕಿ ನೋಡಿದಳು, ಕೊನೆಗೆ ಚಾವಣಿ ನೋಡಿದಳು. ಅಷ್ಟರಲ್ಲಿ ಮೂಲೆಯಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ ನೆಲದ ಮೇಲೆ ಕೂತಿದ್ದ ಹುಡುಗನೊಬ್ಬ ಫ್ಲೈಟ್‌ರಾಡಾರ್ ಆ್ಯಪ್ ತೆಗೆದು, “ಅಜ್ಜಾರ, ಅದಿನ್ನೂ ಚೆನ್ನೈ ಬಿಟ್ಟಿಲ್ಲರೀ” ಅಂದ. ಇಡೀ ಗೇಟು ಅವನ ಸುತ್ತ ನೆರೆಯಿತು. ಸ್ವಲ್ಪ ಹೊತ್ತಿಗೆ ಕೌಂಟರಿನ ಹುಡುಗಿಯೂ ಬಂದು ಮೆಲ್ಲಗೆ, “ಟೇಕಾಫ್ ಆಯ್ತಾ?” ಎಂದು ಅವನನ್ನೇ ಕೇಳಿದಳು. ಹಿರಿಯರು ಮಾತ್ರ, “ಮೊದ್ಲ ಹೇಳಿದ್ರ ಉಂಡಕೊಂಡ ಬರ್ತಿದ್ದೆ” ಅನ್ನುತ್ತಾ ಚೀಲ ಎತ್ತಿಕೊಂಡು ಊಟ ಹುಡುಕಿ ಹೊರಟರು. ಸಿಟ್ಟಿಲ್ಲ, ಸೆಡವಿಲ್ಲ. ಬೇಕಾದ ಸುದ್ದಿ ಸಿಕ್ಕಿತ್ತು.

ಬಸ್ಸಿನವರನ್ನು ನೋಡಿ. ಆಗುಂಬೆ ಘಾಟಿಯಲ್ಲಿ ಬಸ್ಸು ಕೆಟ್ಟರೆ ಕಂಡಕ್ಟರು ಇಳಿದು ನೋಡಿ, “ತೀರ್ಥಹಳ್ಳಿಯಿಂದ ಬೇರೆ ಗಾಡಿ ಬರ್ಬೇಕು, ಒಂದೂವರೆ ಗಂಟೆ ಆಗುತ್ತೆ” ಅನ್ನುತ್ತಾನೆ. ಏನು ಬರಬೇಕು, ಎಲ್ಲಿಂದ ಬರುತ್ತೆ, ಎಷ್ಟು ಹೊತ್ತು, ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿಯಿತು.

ಕಂಪನಿಗಳಿಗೂ ಒಂದು ಅಂಜಿಕೆಯಿದೆ. ಎರಡು ಗಂಟೆ ತಡ ಅಂದರೆ ಜನ ಚದುರುತ್ತಾರೆ, ವಿಮಾನ ಬೇಗ ಸಿದ್ಧವಾದರೆ ಹುಡುಕಿ ತರುವವರು ಯಾರು? ಅದಕ್ಕೇ ಅರ್ಧರ್ಧ ಗಂಟೆಯ ಆಸೆ ತೋರಿಸಿ ಗೇಟಿನಲ್ಲೇ ಕಟ್ಟಿಹಾಕುವುದು. ಆದರೆ “ಏಳಕ್ಕೆ ಮುಂದಿನ ಸುದ್ದಿ, ಅಲ್ಲಿವರೆಗೆ ಹೊರಡುವುದಿಲ್ಲ” ಅಂದರೆ ಏಳಕ್ಕೆ ನಾವೇ ಬಂದು ನಿಲ್ಲುತ್ತೇವೆ. ಹೊಸ ಸುದ್ದಿ ಇಲ್ಲದಿದ್ದರೂ ಏಳಕ್ಕೆ ಬಾಯಿ ಬಿಡಬೇಕು, ಅಷ್ಟೇ.

ತಡದ ಸುದ್ದಿ ಹೇಳಬೇಕೆಂದು ಸರ್ಕಾರವೂ ಹೇಳಿದೆ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ಎಲ್ಲವೂ ಏರುಪೇರಾಗಿ, ಮುಂಬೈಯಲ್ಲಿ ಪ್ರಯಾಣಿಕರು ವಿಮಾನದ ಪಕ್ಕ ನೆಲದಲ್ಲೇ ಕೂತು ಊಟ ಮಾಡಿದ್ದನ್ನು ದೇಶವೇ ನೋಡಿತು. ಆಗ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ, ತಡದ ನಿಖರ ಮಾಹಿತಿಯನ್ನು ಆಗಿಂದಾಗ್ಗೆ ಮೊಬೈಲಿಗೂ ವೆಬ್‌ಸೈಟಿಗೂ ತಲುಪಿಸಬೇಕು, ಪ್ರಯಾಣಿಕರಿಗೆ ತಿಳಿಹೇಳಲು ಸಿಬ್ಬಂದಿಯನ್ನು ತಯಾರು ಮಾಡಬೇಕು ಎಂದು ಕಂಪನಿಗಳಿಗೆ ಸೂಚಿಸಿತು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕೆಂಬ ನಿಯಮವೂ ಇದೆ. ಹಾಗಾಗಿ ಗೇಟಿಗೆ ಸ್ಯಾಂಡ್‌ವಿಚ್ಚಿನ ಡಬ್ಬಗಳು ಬಂದವೆಂದರೆ ಅನುಭವಸ್ಥರು ಖುಷಿಪಡುವುದಿಲ್ಲ. ವಿಮಾನ ಸದ್ಯಕ್ಕಿಲ್ಲ ಎಂಬುದಕ್ಕೆ ಅದಕ್ಕಿಂತ ನಂಬಿಗಸ್ತ ಪ್ರಕಟಣೆ ಇನ್ನೊಂದಿಲ್ಲ.

ತಡವನ್ನು ಕಂತಿನಲ್ಲಿ ಬಡಿಸುವ ಈ ಪದ್ಧತಿ ಬದಲಾಗುವವರೆಗೆ ಸಹಪ್ರಯಾಣಿಕರಲ್ಲಿ ಒಂದು ವಿನಂತಿ: ಕೌಂಟರಿನ ಹುಡುಗಿಯ ಮೇಲೆ ಕೂಗಾಡಬೇಡಿ. ಅವಳಿಗೂ ನಿಮ್ಮಷ್ಟೇ ಗೊತ್ತು. ಗೊತ್ತಿರುವವರು ಕಂಟ್ರೋಲ್ ರೂಮಿನಲ್ಲಿದ್ದಾರೆ. ಅಲ್ಲಿಗೆ ಮಾತ್ರ ಯಾರೂ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ.