ಹಸಿರು ದೀಪಕ್ಕಿಂತ ಆ ವೇಳಾಪಟ್ಟಿ

ಪಕ್ಕದ ಮನೆ ರಾಯರ ಮಗಳಿಗೆ ಎಂ.ಎ.ಯಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಪಠ್ಯ. ರಾಯರು ಕಾಂಪೌಂಡ್ ಗೋಡೆಯ ಆಚೆಯಿಂದಲೇ ಕೇಳಿದರು: “ಅಲ್ರೀ, ಹಸಿರು ದೀಪ ಅಂದ್ರೆ ಆಸೆ, ಬೂದಿ ಅಂದ್ರೆ ಅಧಃಪತನ, ಕನ್ನಡಕ ಅಂದ್ರೆ ದೇವರು ಅಂತ ಗೈಡಿನಲ್ಲಿದೆ. ಬರೆದವನು ಇದನ್ನೆಲ್ಲ ನಿಜವಾಗ್ಲೂ ಅಂದ್ಕೊಂಡಿದ್ನೋ, ಮೇಷ್ಟ್ರುಗಳು ಆಮೇಲೆ ಅಂಟಿಸಿದ್ದೋ?”

ಒಳ್ಳೆಯ ಪ್ರಶ್ನೆ. ಬೂದಿಯಿಂದಲೇ ಶುರು ಮಾಡೋಣ ಅಂದೆ. ರಾಯರೇ, ಆ ಬೂದಿ ನಿಜವಾದ ಬೂದಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕೊರೋನಾ ಅನ್ನೋ ಜಾಗದಲ್ಲಿ, ಕಲ್ಲಿದ್ದಲು ಉರಿಸಿ ಉಳಿದ ಬೂದಿಯನ್ನು ತಂದು ಗುಡ್ಡೆಗುಡ್ಡೆಯಾಗಿ ಸುರಿಯುತ್ತಿದ್ದರು. ಕಾದಂಬರಿ ಬರೆದ ಸ್ಕಾಟ್ ಫಿಟ್ಜೆರಾಲ್ಡ್ ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿ ಮನೆ ಮಾಡಿದ್ದಾಗ, ನಗರಕ್ಕೆ ಹೋಗುವ ದಾರಿಯಲ್ಲಿ ಅದು ಸಿಗುತ್ತಿತ್ತು. 1939ರ ವಿಶ್ವ ಮೇಳ ನಡೆದದ್ದು ಅದೇ ನೆಲವನ್ನು ಮಟ್ಟ ಮಾಡಿ. ಈಗ ಯುಎಸ್ ಓಪನ್ ಟೆನಿಸ್ ನಡೆಯುವುದೂ ಅಲ್ಲೇ. ಒಂದು ಕಡೆ ಬಂಗಲೆಗಳು, ಇನ್ನೊಂದು ಕಡೆ ನಗರ, ನಡುವೆ ಸಿರಿವಂತಿಕೆ ಉಗುಳಿದ ಬೂದಿ. ಕಣ್ಣೆದುರು ಇದ್ದದ್ದನ್ನೇ ಅವನು ಕಾದಂಬರಿಯ ನಟ್ಟನಡುವೆ ಇಟ್ಟ.

“ಮತ್ತೆ ಆ ಕನ್ನಡಕ?” ಅಂದರು ರಾಯರು.

ಅದು ಕಣ್ಣಿನ ಡಾಕ್ಟರೊಬ್ಬನ ಹಳೇ ಜಾಹೀರಾತು ಫಲಕ. ಮುಖವಿಲ್ಲ, ಮೂಗಿಲ್ಲ, ಹಳದಿ ಕನ್ನಡಕದ ಹಿಂದೆ ಎರಡು ದೊಡ್ಡ ನೀಲಿ ಕಣ್ಣು. ಬೂದಿಯಲ್ಲೇ ಗ್ಯಾರೇಜ್ ಇಟ್ಟುಕೊಂಡಿದ್ದ ವಿಲ್ಸನ್ ಹೆಂಡತಿ ಸತ್ತ ದುಃಖದಲ್ಲಿ ಅದನ್ನು ನೋಡುತ್ತ, ದೇವರು ಎಲ್ಲ ನೋಡ್ತಾನೆ ಅನ್ನುತ್ತಾನೆ. ಪಕ್ಕದಲ್ಲಿದ್ದವನು, ಅದು ಜಾಹೀರಾತು ಕಣಪ್ಪ ಅನ್ನುತ್ತಾನೆ. ಗೈಡಿಗೆ ಉತ್ತರ ಕಾದಂಬರಿಯೊಳಗೇ ಇದೆ. ನೊಂದವನೊಬ್ಬ ತಲೆಯೆತ್ತಿದರೆ ಕಾಣುವುದಕ್ಕೆ ಅಲ್ಲಿ ಜಾಹೀರಾತು ಬಿಟ್ಟರೆ ಇನ್ನೇನೂ ಉಳಿದಿಲ್ಲ. ನನ್ನ ಎದೆ ಝಲ್ಲೆನ್ನುವುದು ಅದಕ್ಕೆ.

ಹಸಿರು ದೀಪವೂ ಅಷ್ಟೇ. ಕೊಲ್ಲಿಯಾಚೆ, ಗ್ಯಾಟ್ಸ್‌ಬಿ ಪ್ರೀತಿಸುವ ಡೇಸಿಯ ಮನೆಯ ದೋಣಿಕಟ್ಟೆಯ ತುದಿಯಲ್ಲಿ ಉರಿಯುವ ದೀಪ ಅದು. ಗ್ಯಾಟ್ಸ್‌ಬಿ ರಾತ್ರಿ ಹೊತ್ತು ಅದರ ಕಡೆ ಕೈ ಚಾಚುತ್ತಾನೆ. ಡೇಸಿ ಬಂದು ಪಕ್ಕದಲ್ಲೇ ನಿಂತ ದಿನ ಅದು ಬರೀ ದೀಪವಾಗಿಬಿಡುತ್ತದೆ.

ಆದರೆ ಗ್ಯಾಟ್ಸ್‌ಬಿಯ ಕನಸು ಕೆಟ್ಟ ಬಗೆ ತಿಳಿಯಬೇಕಾದರೆ ಕೊನೆಯ ಅಧ್ಯಾಯಕ್ಕೆ ಹೋಗಬೇಕು. ಗ್ಯಾಟ್ಸ್‌ಬಿ ಸತ್ತ ಮೇಲೆ ಊರ ಕಡೆಯಿಂದ ಅವನ ಮುದಿ ಅಪ್ಪ ಬರುತ್ತಾನೆ. ಮಗನ ಬಂಗಲೆಯದೊಂದು ಫೋಟೋ ಅವನ ಹತ್ತಿರ ಇದೆ. ತೋರಿಸಿ ತೋರಿಸಿ ಅದರ ಮೂಲೆಗಳು ಸೀಳಿವೆ. ಆಮೇಲೆ ಮಗ ಚಿಕ್ಕಂದಿನಲ್ಲಿ ಓದುತ್ತಿದ್ದ ಪುಸ್ತಕ ತೆಗೆಯುತ್ತಾನೆ. ಅದರ ಕೊನೆಯ ಹಾಳೆಯಲ್ಲಿ ಹುಡುಗ ದಿನಚರಿ ಬರೆದಿಟ್ಟಿದ್ದಾನೆ. ಬೆಳಿಗ್ಗೆ ಆರಕ್ಕೆ ಏಳುವುದು, ವ್ಯಾಯಾಮ, ವಿದ್ಯುತ್ತಿನ ಪಾಠ, ಮಾತನಾಡುವ ಅಭ್ಯಾಸ. ವಾರಕ್ಕೆ ಐದು ಡಾಲರ್ ಉಳಿಸಬೇಕು ಅಂತ ಬರೆದು, ಅದನ್ನು ಹೊಡೆದುಹಾಕಿ, ಮೂರು ಮಾಡಿದ್ದಾನೆ! ಕೊನೆಯಲ್ಲಿ, ಅಪ್ಪ ಅಮ್ಮನ ಜೊತೆ ಇನ್ನೂ ಚೆನ್ನಾಗಿ ನಡೆದುಕೊಳ್ಳಬೇಕು ಅಂತ. ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಇಂಥದೇ ದಿನಚರಿ ಇದೆ. ದುಡಿದವನು ಮೇಲೆ ಬರುತ್ತಾನೆ ಅನ್ನುವ ಅಮೆರಿಕದ ನಂಬಿಕೆ ಅದು.

ಅಂಥ ಹುಡುಗ ದುಡ್ಡು ಮಾಡಿದ್ದು ಹೇಗೆ? ಪಾನನಿಷೇಧದ ಕಾಲದಲ್ಲಿ ಕಳ್ಳ ಹೆಂಡ ಮಾರಿ. ಅಪ್ಪನಿಗೆ ಮನೆಯೇನೋ ಕೊಡಿಸಿದ. ಹೊರಗೆ ಮಾತ್ರ ನಮ್ಮವರೆಲ್ಲ ತೀರಿಕೊಂಡರು ಅಂತ ಹೇಳಿಕೊಂಡ.  ಅವನ ವ್ಯವಹಾರದ ಜೊತೆಗಾರ ವುಲ್ಫ್‌ಶೀಮ್ ಮಣ್ಣಿಗೂ ಬರಲಿಲ್ಲ. ಬೇಸಿಗೆಯೆಲ್ಲ ಅವನ ಬಂಗಲೆಯ ಪಾರ್ಟಿಗಳಿಗೆ ಬಂದು ಕುಡಿದು ಕುಣಿದವರಲ್ಲಿ ಬಂದವನು ಒಬ್ಬನೇ.

“ಹಾಗಾದ್ರೆ ಆಸೆಪಟ್ಟಿದ್ದೇ ತಪ್ಪು ಅಂತೀರಾ?”

ಇಲ್ಲ ರಾಯರೇ. ಆ ಹುಡುಗನ ಆಸೆ ಚಿನ್ನದಂಥದು. ಅದನ್ನು ತೂಗಲು ಅವನ ಕೈಗೆ ಸಿಕ್ಕಿದ ತಕ್ಕಡಿ ಕೆಟ್ಟದ್ದು. ‘ಅಮೆರಿಕನ್ ಡ್ರೀಮ್’ ಅನ್ನುವ ಮಾತನ್ನು ಮನೆಮಾತು ಮಾಡಿದವನು ಚರಿತ್ರೆಕಾರ ಜೇಮ್ಸ್ ಟ್ರಸ್ಲೊ ಆಡಮ್ಸ್, 1931ರಲ್ಲಿ. ಇದು ಬರೀ ಮೋಟಾರು ಮತ್ತು ದೊಡ್ಡ ಸಂಬಳದ ಕನಸಲ್ಲ, ಪ್ರತಿಯೊಬ್ಬನೂ ತನ್ನ ಶಕ್ತಿಯಿದ್ದಷ್ಟು ಬೆಳೆಯುವ ಕನಸು ಅಂತ ಅವನು ಒತ್ತಿ ಹೇಳಿದ. ಅದಕ್ಕೂ ಆರು ವರ್ಷ ಮೊದಲೇ, 1925ರಲ್ಲಿ, ಕನಸು ಮೋಟಾರು ಬಂಗಲೆಗಳಿಗೆ ಇಳಿದುಹೋದದ್ದನ್ನು ಫಿಟ್ಜೆರಾಲ್ಡ್ ಬರೆದಾಗಿತ್ತು.

ಪರೀಕ್ಷೆಗೆ ಗೈಡು ಬೇಕಾದರೆ ಇರಲಿ. ಆದರೆ ಮಗಳಿಗೆ ಹೇಳಿ, ಮೊದಲು ಆ ಅಪ್ಪ ಪುಸ್ತಕ ತೆರೆದು ತೋರಿಸುವ ಪುಟವನ್ನು ನಿಧಾನವಾಗಿ ಓದಲಿ. ಹಸಿರು ದೀಪದ ಅರ್ಥ ಆಮೇಲೆ ತಾನಾಗಿಯೇ ಹೊಳೆಯುತ್ತದೆ.